ಕೊಡುವ ಕೈ, ಹುಟ್ಟಿದ ನೆಲ

2025ರ ಜನವರಿ 20ರಂದು ವಾಷಿಂಗ್ಟನ್ನಿನಲ್ಲಿ ವಿಪರೀತ ಚಳಿ. ಹಾಗಾಗಿ ಟ್ರಂಪ್ ಪ್ರಮಾಣವಚನ ಬಯಲಿನ ಬದಲು ಕ್ಯಾಪಿಟಲ್ ಕಟ್ಟಡದ ಒಳಗೆ, ಗುಮ್ಮಟದ ಕೆಳಗೆ ನಡೆಯಿತು. ನಾಲ್ಕು ವರ್ಷಗಳ ಹಿಂದೆ, 2021ರ ಜನವರಿ 6ರಂದು, ಗುಂಪು ಬಾಗಿಲು ಒಡೆದು ನುಗ್ಗಿದ್ದೂ ಇದೇ ಕಟ್ಟಡಕ್ಕೆ. ಅತಿಥಿಗಳು ಆಸನಗಳಲ್ಲಿ ಕೂತಿದ್ದರು, ಬೈಡನ್ ಅವಧಿ ಮುಗಿಯಲು ಕೆಲವೇ ನಿಮಿಷಗಳಿದ್ದವು. ಆಗ ಅವರ ಕಡೆಯಿಂದ ಒಂದು ಪ್ರಕಟಣೆ ಹೊರಬಿತ್ತು. ತಮ್ಮಂದಿರಿಬ್ಬರು, ತಂಗಿ, ಜೊತೆಗೆ ಒಬ್ಬ ನಾದಿನಿ, ಒಬ್ಬ ಭಾವ, ಇವರೆಲ್ಲರಿಗೂ ಕ್ಷಮಾದಾನ. ಯಾರ ಮೇಲೂ ಮೊಕದ್ದಮೆ ಇರಲಿಲ್ಲ. ಮುಂದೆ ಹೂಡಬಹುದೆಂಬ ಭಯಕ್ಕೆ ಮುಂಗಡವಾಗಿ ಕೊಟ್ಟ ಕ್ಷಮೆ. ಅದೇ ಸಂಜೆ ಹೊಸ ಅಧ್ಯಕ್ಷರು, ಜನವರಿ 6ರ ಗಲಭೆಯ ಸುಮಾರು 1,500 ಮಂದಿಗೆ ಕ್ಷಮಾದಾನ ಕೊಟ್ಟು, ಇನ್ನೂ 14 ಮಂದಿಯ ಶಿಕ್ಷೆ ಕಡಿತಗೊಳಿಸಿದರು. ಅದೇ ದಿನ ಅವರು ಸಹಿ ಮಾಡಿದ ಇನ್ನೊಂದು ಕಾಗದ, ಅಮೆರಿಕದಲ್ಲಿ ಹುಟ್ಟುವ ಕೆಲವು ಬಗೆಯ ಮಕ್ಕಳಿಗೆ ಅಲ್ಲಿನ ಪೌರತ್ವ ಇಲ್ಲವೆಂದು ಹೇಳಿತು.

ಒಂದೇ ದಿನ, ಮೂರು ಕಾಗದ. ಇವುಗಳ ಸುತ್ತ ಎರಡೂ ಪಕ್ಷಗಳ ವಕೀಲರು ಅಂದಿನಿಂದ ಜಗಳವಾಡುತ್ತಲೇ ಇದ್ದಾರೆ. ನಿಮ್ಮವರದು ಭ್ರಷ್ಟಾಚಾರ, ನಮ್ಮವರದು ಕರುಣೆ. ನೀವು ಮಗನನ್ನು ಬಿಡಿಸಿಕೊಂಡಿರಿ, ನಾವು ದೇಶಭಕ್ತರನ್ನು ಬಿಡಿಸಿದೆವು. ಪೌರತ್ವದ ವಿಷಯ ಬಂದ ಕೂಡಲೇ ಮಾತ್ರ ಮಾತು ಬೇರೆ ಕೋಣೆಗೆ ಹೋಗುತ್ತದೆ. ಅದು ವಲಸೆಯ ಪ್ರಶ್ನೆ, ಕ್ಷಮಾದಾನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬಂತೆ. ನನ್ನ ತಕರಾರು ಇರುವುದು ಇಲ್ಲಿ. ಈ ಮೂರನ್ನೂ ಒಟ್ಟಿಗೆ ಇಟ್ಟು ಬರೀ ಪಠ್ಯಗಳಾಗಿ ಓದಿದರೆ ಒಂದರ ಅರ್ಥ ಇನ್ನೊಂದರಲ್ಲಿ ಬಿಚ್ಚಿಕೊಳ್ಳುತ್ತದೆ.

ಮೊದಲು ಕ್ಷಮಾದಾನದ ಬರವಣಿಗೆ. 2024ರ ಡಿಸೆಂಬರ್ 1ರಂದು ಬೈಡನ್ ತಮ್ಮ ಮಗ ಹಂಟರ್‌ಗೆ ಕ್ಷಮೆ ಕೊಟ್ಟಾಗ ಹೊರಡಿಸಿದ ಹೇಳಿಕೆಯನ್ನೂ ಜನವರಿ 20ರ ಟ್ರಂಪ್ ಘೋಷಣೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಗನನ್ನು ಬೇಟೆಯಾಡಿದ್ದು ಅವನು ನನ್ನ ಮಗನೆಂಬ ಕಾರಣಕ್ಕೆ, ರಾಜಕೀಯ ನ್ಯಾಯವನ್ನು ಕೆಡಿಸಿತು ಎನ್ನುತ್ತದೆ ಮೊದಲನೆಯದು. ಈ ಜನರಿಗೆ ಆದದ್ದು ಘೋರ ಅನ್ಯಾಯ, ಅದನ್ನು ಇಲ್ಲಿಗೆ ಮುಗಿಸಿ ರಾಷ್ಟ್ರವನ್ನು ಒಂದುಗೂಡಿಸುತ್ತೇನೆ ಎನ್ನುತ್ತದೆ ಎರಡನೆಯದು. ಒಂದರಲ್ಲಿ ಅಪ್ಪನ ದನಿ, ಇನ್ನೊಂದರಲ್ಲಿ ಸೇನಾಪತಿಯ ದನಿ. ವಾದ ಮಾತ್ರ ಒಂದೇ: ನ್ಯಾಯಾಲಯ ನಮ್ಮವರನ್ನು ನೋಡಿದ ಕಣ್ಣು ಸರಿಯಿಲ್ಲ, ಆದ್ದರಿಂದ ನಾನು ನೋಡುತ್ತೇನೆ. ಎರಡರ ಪರಿಣಾಮ ಒಂದೇ ತೂಕದ್ದೆಂದು ನಾನು ಹೇಳುತ್ತಿಲ್ಲ. ಪೊಲೀಸರನ್ನು ಹೊಡೆದವರನ್ನು ಬಿಡುವುದೂ, ಬಂದೂಕು ಕೊಳ್ಳುವಾಗ ಸುಳ್ಳು ಬರೆದ, ತೆರಿಗೆ ತಪ್ಪಿಸಿದ ಮಗನನ್ನು ಬಿಡುವುದೂ ಸಮವಲ್ಲ. ಆದರೆ ಕ್ಷಮೆ ಕೊಡುವುದಿಲ್ಲವೆಂದು ಪದೇಪದೇ ಹೇಳಿ, ಕೊನೆಗೆ ಕೊಟ್ಟು, ಎದುರು ಪಕ್ಷದವರ ಕೈಗೆ ತಮ್ಮದೇ ವಾಕ್ಯವನ್ನು ಒಪ್ಪಿಸಿದವರು ಬೈಡನ್. ಇದನ್ನು ಅವರ ಬೆಂಬಲಿಗರು ಇಂದಿಗೂ ನೇರವಾಗಿ ಒಪ್ಪುವುದಿಲ್ಲ.

ನಮ್ಮ ಪತ್ರಿಕೆಗಳು ಈ ಅಧಿಕಾರಕ್ಕೆ ಎರಡು ಹೆಸರು ಬಳಸುತ್ತವೆ. ಕೊಡುವವರ ಕಡೆಯಿಂದ ಅದು ಕ್ಷಮಾದಾನ, ಬೇಡುವವರ ಕಡೆಯಿಂದ ಕ್ಷಮಾಭಿಕ್ಷೆ. ಇಂಗ್ಲಿಷಿನ ಪದ ಮುಚ್ಚಿಡುವುದನ್ನು ಕನ್ನಡ ಬಾಯಿಬಿಟ್ಟು ಹೇಳುತ್ತದೆ: ಇಲ್ಲೊಂದು ಮೇಲಿನ ಕೈ ಇದೆ, ಒಂದು ಕೆಳಗಿನ ಕೈ ಇದೆ. ಶಾಲೆಯಲ್ಲಿ ವಿಭಕ್ತಿ ಉರುಹೊಡೆದವರಿಗೆ ನೆನಪಿರಬಹುದು, ಚತುರ್ಥಿಗೆ ಸಂಪ್ರದಾನ ಎಂದು ಹೆಸರು. 'ಇಂಥವನಿಗೆ' ಎಂದ ಕೂಡಲೇ ಕೊಡುವವನೊಬ್ಬ ವಾಕ್ಯದೊಳಗೆ ಬಂದು ನಿಲ್ಲುತ್ತಾನೆ. ಕ್ಷಮಾದಾನದ ಪ್ರತಿಯೊಂದು ಪತ್ರವೂ ಈ ವಿಭಕ್ತಿಯಲ್ಲೇ ಇರುತ್ತದೆ.

ಈಗ ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯ ಮೊದಲ ವಾಕ್ಯಕ್ಕೆ ಬನ್ನಿ. ಅಲ್ಲಿ ಹುಟ್ಟಿದ, ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಪೌರರು. ಪೌರತ್ವವನ್ನು 'ಕೊಡಲಾಗುವುದು' ಎಂದಿಲ್ಲ, ಕೊಡುವವನೂ ಇಲ್ಲ. ಹುಟ್ಟಿದವರು ಕರ್ತೃ, 'ಆಗಿದ್ದಾರೆ' ಎಂಬುದು ಕ್ರಿಯೆ, ಅಷ್ಟೇ. ನಮ್ಮಲ್ಲಿ ಇದನ್ನು ಜನ್ಮದತ್ತ ಪೌರತ್ವ ಎಂದೂ ಬರೆಯುತ್ತಾರೆ. ದತ್ತ ಎಂದರೆ ಕೊಟ್ಟದ್ದೇ. ಆದರೆ ಕೊಟ್ಟದ್ದು ಜನ್ಮ, ಅಧ್ಯಕ್ಷನಲ್ಲ.

ಈ ವಾಕ್ಯ ಹಾಗೆ ಸುಮ್ಮನೆ ಬಂದದ್ದಲ್ಲ. ಗುಲಾಮರ ವಂಶದ ಕಪ್ಪು ಜನ ಎಂದಿಗೂ ಅಮೆರಿಕದ ಪೌರರಾಗಲಾರರು ಎಂದು 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅಂತರ್ಯುದ್ಧ ಮುಗಿದ ಮೇಲೆ, ಇನ್ನು ಮುಂದೆ ಯಾವ ಕೋರ್ಟೂ ಯಾವ ಸರ್ಕಾರವೂ ಕೈ ಹಾಕದಂತೆ ಪೌರತ್ವವನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಬಂತು. ಹುಟ್ಟಿನಲ್ಲಿ ಇಟ್ಟರು. ಅದನ್ನು ತಡೆಯಲು ಹೊರಟವರು ಅಂದಿನ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್. 1866ರ ನಾಗರಿಕ ಹಕ್ಕುಗಳ ಮಸೂದೆಯನ್ನು ತಿರಸ್ಕರಿಸುವಾಗ ಅವರು ಕೊಟ್ಟ ಕಾರಣಗಳಲ್ಲಿ ಒಂದು, ಇದರಿಂದ ಚೀನೀಯರು, ಜಿಪ್ಸಿಗಳು, ಕಪ್ಪು ಜನರೆಲ್ಲ ಪೌರರಾಗಿಬಿಡುತ್ತಾರೆ ಎಂಬುದು. ಅದೇ ವರ್ಷ ಸೆನೆಟ್‌ನಲ್ಲಿ, ಚೀನೀಯರ ಮಕ್ಕಳೂ ಪೌರರಾಗುತ್ತಾರೇನು ಎಂದು ಪೆನ್ಸಿಲ್ವೇನಿಯಾದ ಕೋವನ್ ಕೇಳಿದರು. ಹೌದು, ಆಗಲಿ ಎಂದರು ಕ್ಯಾಲಿಫೋರ್ನಿಯಾದ ಕಾನೆಸ್, ಅವರೇ ಐರ್ಲೆಂಡಿನಲ್ಲಿ ಹುಟ್ಟಿ ಬಂದ ವಲಸಿಗ. ಎಲ್ಲವನ್ನೂ ತಿಳಿದೇ ಬರೆದ ವಾಕ್ಯವದು.

ತಿದ್ದುಪಡಿ ಜಾರಿಗೆ ಬಂದದ್ದು 1868ರ ಜುಲೈನಲ್ಲಿ. ಅದೇ ವರ್ಷದ ಕ್ರಿಸ್‌ಮಸ್ ದಿನ, ಅಧಿಕಾರದ ಕೊನೆಯ ತಿಂಗಳುಗಳಲ್ಲಿದ್ದ ಇದೇ ಜಾನ್ಸನ್, ಗುಲಾಮಗಿರಿ ಉಳಿಸಲು ಯುದ್ಧ ಮಾಡಿದವರಿಗೆಲ್ಲ ಷರತ್ತಿಲ್ಲದ ಕ್ಷಮಾದಾನ ಘೋಷಿಸಿದರು. ಜನವರಿ 20ರ ಮೇಜಿನ ಮೇಲಿದ್ದ ಜೋಡಿ ಇದೇ: ದಂಗೆಯೆದ್ದವರಿಗೆ ಕ್ಷಮೆ, ಇಲ್ಲೇ ಹುಟ್ಟಿದವರ ಬಗ್ಗೆ ಅನುಮಾನ. ಎರಡೂ ಒಂದೇ ಕೈಬರಹ.

ಭ್ರಷ್ಟಾಚಾರದ ಪ್ರಶ್ನೆ ಇದರೊಳಗೇ ಇದೆ. 1865ರಲ್ಲಿ ಜಾನ್ಸನ್ ಮೊದಲ ಬಾರಿ ಕ್ಷಮೆ ಘೋಷಿಸಿದಾಗ ಒಂದು ವಿನಾಯಿತಿ ಇಟ್ಟಿದ್ದರು. 20,000 ಡಾಲರಿಗಿಂತ ಹೆಚ್ಚು ಆಸ್ತಿಯಿದ್ದ ಬಂಡುಕೋರರು ಖುದ್ದಾಗಿ ಅಧ್ಯಕ್ಷರಿಗೆ ಅರ್ಜಿ ಹಾಕಿಕೊಳ್ಳಬೇಕು. ಮುಂದಿನದನ್ನು ನಮಗೆ ಯಾರೂ ವಿವರಿಸಬೇಕಿಲ್ಲ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗಾದರೂ ಗೊತ್ತು. ಸಾಲು ನಿಂತಿತು, ಶಿಫಾರಸು ಪತ್ರಗಳು ಬಂದವು, ಕ್ಷಮೆ ಕೊಡಿಸುವ ದಲ್ಲಾಳಿಗಳು ವಾಷಿಂಗ್ಟನ್ನಿನಲ್ಲಿ ಹುಟ್ಟಿಕೊಂಡರು. 2001ರ ಜನವರಿ 20ರಂದು, ಅಧಿಕಾರದ ಕಡೆಯ ದಿನ, ಕ್ಲಿಂಟನ್ ಅವರು ಸ್ವಿಟ್ಜರ್ಲೆಂಡಿಗೆ ಪರಾರಿಯಾಗಿದ್ದ ಮಾರ್ಕ್ ರಿಚ್‌ನನ್ನು ಕ್ಷಮಿಸಿದರು. ಆತನ ಮಾಜಿ ಪತ್ನಿ ಡೆಮಾಕ್ರಟಿಕ್ ಪಕ್ಷಕ್ಕೂ ಕ್ಲಿಂಟನ್ ಗ್ರಂಥಾಲಯಕ್ಕೂ ದೊಡ್ಡ ದೇಣಿಗೆ ಕೊಟ್ಟಿದ್ದವರು. ಟ್ರಂಪ್ 2020ರಲ್ಲಿ ಅಳಿಯನ ತಂದೆಯನ್ನು ಕ್ಷಮಿಸಿದರು. 2025ರ ಡಿಸೆಂಬರಿನಲ್ಲಿ, ಮಾದಕವಸ್ತು ಸಾಗಣೆಗೆ 45 ವರ್ಷ ಶಿಕ್ಷೆಯಾಗಿದ್ದ ಹೊಂಡುರಾಸ್‌ನ ಮಾಜಿ ಅಧ್ಯಕ್ಷನನ್ನೂ ಬಿಟ್ಟರು.

ಅದೇ ತಿಂಗಳ ಇನ್ನೊಂದು ಪ್ರಸಂಗ ಇವೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಟೆಕ್ಸಾಸ್‌ನ ಡೆಮಾಕ್ರಟಿಕ್ ಸಂಸದ ಹೆನ್ರಿ ಕ್ವೆಯಾರ್ ಅವರ ಮೇಲೆ ಲಂಚದ ಆರೋಪವಿತ್ತು. ವಿಚಾರಣೆಗೆ ಮೊದಲೇ ಟ್ರಂಪ್ ಕ್ಷಮಿಸಿದರು. ಕ್ಷಮೆ ಪಡೆದ ಕ್ವೆಯಾರ್ ಮತ್ತೆ ತಮ್ಮ ಪಕ್ಷದಿಂದಲೇ ಚುನಾವಣೆಗೆ ನಿಲ್ಲಲು ಹೊರಟಾಗ, ನಿಷ್ಠೆಯೇ ಇಲ್ಲವಲ್ಲ ಎಂದು ಟ್ರಂಪ್ ಬಹಿರಂಗವಾಗಿ ಬೇಸರಪಟ್ಟುಕೊಂಡರು. ಅವರ ವಿರೋಧಿಗಳಿಗೆ ಇದು ನಗೆಯಾಟವಾಯಿತು. ನನಗೆ ಅದು ಇಡೀ ವಾದದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಮಾತಾಗಿ ಕಂಡಿತು. ದಾನ ಪಡೆದವನ ಮೇಲೆ ಋಣ ಇರುತ್ತದೆ, ತೀರಿಸಬೇಕು. ಲೆಕ್ಕ ಅಷ್ಟು ಸರಳ.

ಸಂವಿಧಾನ ಬರೆದವರಿಗೆ ಈ ಅಪಾಯ ಕಾಣದೆ ಇರಲಿಲ್ಲ. ದಂಗೆಯ ಹೊತ್ತಿನಲ್ಲಿ ಸಕಾಲಕ್ಕೆ ಕೊಟ್ಟ ಕ್ಷಮೆ ದೇಶವನ್ನು ಶಾಂತಗೊಳಿಸುತ್ತದೆ, ಆದ್ದರಿಂದ ಆ ಅಧಿಕಾರ ಒಬ್ಬನ ಕೈಯಲ್ಲಿರಲಿ ಎಂದು ಹ್ಯಾಮಿಲ್ಟನ್ ವಾದಿಸಿದ್ದರು. ತಾನೇ ಮಾಡಿಸಿದ ಅಪರಾಧವನ್ನು ಅಧ್ಯಕ್ಷನೇ ಕ್ಷಮಿಸಿಬಿಟ್ಟರೆ ಎಂದು ಕೇಳಿದವರು ವರ್ಜೀನಿಯಾದ ಜಾರ್ಜ್ ಮೇಸನ್. ಅದಕ್ಕೆ ವಾಗ್ದಂಡನೆ ಇದೆಯಲ್ಲ ಎಂದು ಮ್ಯಾಡಿಸನ್ ಸಮಾಧಾನ ಹೇಳಿದರು. ಎರಡು ಸಲ ವಾಗ್ದಂಡನೆಗೆ ಒಳಗಾಗಿ ಎರಡು ಸಲವೂ ಸೆನೆಟ್‌ನಲ್ಲಿ ಪಾರಾದ ಅಧ್ಯಕ್ಷರ ಕಾಲದಲ್ಲಿ ಆ ಸಮಾಧಾನಕ್ಕೆ ಬೆಲೆಯಿಲ್ಲ. 2024ರ ಜುಲೈ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಧ್ಯಕ್ಷನ ಅಧಿಕೃತ ಕೃತ್ಯಗಳ ಹಿಂದಿನ ಉದ್ದೇಶವನ್ನು ಕೋರ್ಟುಗಳು ಕೆದಕುವಂತಿಲ್ಲ ಎಂದಿತು. ಲಂಚ ಪಡೆದು ಕ್ಷಮೆ ಕೊಟ್ಟರೂ ರಕ್ಷಣೆಯೇ ಎಂದು ಭಿನ್ನಮತದಲ್ಲಿ ಎಚ್ಚರಿಸಿದವರು ನ್ಯಾಯಮೂರ್ತಿ ಸೊಟೊಮಯೋರ್.

ಕ್ಷಮೆಯೇ ಬೇಡವೆಂದು ನಾನು ಹೇಳಲಾರೆ. ವಿಯೆಟ್ನಾಂ ಯುದ್ಧಕ್ಕೆ ಹೋಗದೆ ತಪ್ಪಿಸಿಕೊಂಡವರನ್ನು 1977ರಲ್ಲಿ ಕಾರ್ಟರ್ ಕ್ಷಮಿಸಿದರು. ಮರಣದಂಡನೆಗೆ ಕಾದಿದ್ದ 40 ಫೆಡರಲ್ ಕೈದಿಗಳಲ್ಲಿ 37 ಮಂದಿಯನ್ನು 2024ರ ಡಿಸೆಂಬರಿನಲ್ಲಿ ಸಾವಿನಿಂದ ಉಳಿಸಿದವರು ಇದೇ ಬೈಡನ್. ಆದರೆ ಎಲ್ಲಿ ಕೊಡುವ ಕೈ ಇದೆಯೋ ಅಲ್ಲಿ ಸಾಲು ಇರುತ್ತದೆ. ಜನ್ಮದತ್ತ ಪೌರತ್ವದಲ್ಲಿ ಆ ಸಾಲೇ ಇಲ್ಲ. ಮಗು ಯಾರಿಗೂ ಅರ್ಜಿ ಹಾಕುವುದಿಲ್ಲ, ಅಪ್ಪ ಯಾರ ಕೈಯನ್ನೂ ಬಿಸಿ ಮಾಡಬೇಕಿಲ್ಲ. ಅದರ ರಕ್ಷಕರು ಉದಾರತೆ, ವೈವಿಧ್ಯ ಎಂದೆಲ್ಲ ಮಾತಾಡುತ್ತಾರೆ. ಈ ಸಾದಾ ಗುಣವನ್ನು ಮಾತ್ರ ಎತ್ತಿ ಹೇಳುವುದಿಲ್ಲ.

ಟ್ರಂಪ್ ಆದೇಶ ನೆಚ್ಚಿಕೊಂಡಿರುವುದು 'ಅಧಿಕಾರ ವ್ಯಾಪ್ತಿಗೆ ಒಳಪಟ್ಟ' ಎಂಬ ಪದಗಳನ್ನಲ್ಲ, ಅವುಗಳಿಗೆ ಕಟ್ಟಿದ ಹೊಸ ಅರ್ಥವನ್ನು: ತಾಯಿ ಅಕ್ರಮವಾಗಿಯೋ ತಾತ್ಕಾಲಿಕವಾಗಿಯೋ ಅಲ್ಲಿದ್ದು, ತಂದೆ ಪೌರನೂ ಅಲ್ಲ ಗ್ರೀನ್ ಕಾರ್ಡ್ ಪಡೆದವನೂ ಅಲ್ಲವಾದರೆ ಮಗು ಆ ವ್ಯಾಪ್ತಿಗೆ ಬರುವುದಿಲ್ಲ. ವ್ಯಾಪ್ತಿಗೇ ಬಾರದವರನ್ನು ಹಿಡಿದು ಜೈಲಿಗೆ ಹಾಕುವುದು ಹೇಗೆ ಎಂಬ ಸರಳ ಪ್ರಶ್ನೆಗೆ ಈ ಓದಿನಲ್ಲಿ ಗಟ್ಟಿ ಉತ್ತರವಿಲ್ಲ. ಬ್ರಿಟನ್, ಐರ್ಲೆಂಡ್‌ಗಳೂ ಜನ್ಮದತ್ತ ಪೌರತ್ವ ಬಿಟ್ಟಿವೆಯಲ್ಲ ಎಂಬ ವಾದ ಗಟ್ಟಿಯಾದದ್ದೇ. ಆದರೆ ಬ್ರಿಟನ್ ಬಿಟ್ಟದ್ದು ಸಂಸತ್ತಿನ ಕಾಯ್ದೆಯಿಂದ, ಐರ್ಲೆಂಡ್ 2004ರ ಜನಮತಗಣನೆಯಿಂದ. ಒಬ್ಬನ ಸಹಿಯಿಂದ ಅಲ್ಲ.

ಆ 'ತಾತ್ಕಾಲಿಕ' ಎಂಬ ಪದ ನೇರವಾಗಿ ನಮ್ಮ ಮನೆಗಳಿಗೆ ಬಂದು ಮುಟ್ಟುತ್ತದೆ. ಮೈಸೂರು, ದಾವಣಗೆರೆ, ಹುಬ್ಬಳ್ಳಿಗಳಿಂದ ಅಂಟಿನುಂಡೆ ಕಟ್ಟಿಕೊಂಡು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬಂದ ಅಮ್ಮಂದಿರು ಎಷ್ಟೊಂದು. ಮಗಳು, ಅಳಿಯ ಇಬ್ಬರೂ ಎಚ್-1ಬಿ ಮೇಲಿದ್ದರೆ ಆದೇಶದ ಪ್ರಕಾರ ಆ ಮಗು ಪೌರನಲ್ಲ. ಒಂದು ದೇಶದವರಿಗೆ ಇಷ್ಟೇ ಎಂಬ ಶೇ 7ರ ಮಿತಿಯಿಂದಾಗಿ ಭಾರತದಲ್ಲಿ ಹುಟ್ಟಿದವರು ಗ್ರೀನ್ ಕಾರ್ಡಿಗೆ ದಶಕಗಟ್ಟಲೆ ಕಾಯುತ್ತಾರೆ. ಹದಿನೈದು ವರ್ಷ ತೆರಿಗೆ ಕಟ್ಟಿ, ಮನೆ ಕೊಂಡು, ಕನ್ನಡ ಕೂಟದ ಯುಗಾದಿಗೆ ಹೋಳಿಗೆ ಬಡಿಸಿದವನೂ ಕಾಗದದಲ್ಲಿ ತಾತ್ಕಾಲಿಕವೇ. ಅಕ್ರಮವಾಗಿ ಗಡಿ ದಾಟಿದವರ ವಿರುದ್ಧದ ಮಾತು ತಮಗಲ್ಲ ಎಂದುಕೊಂಡಿದ್ದವರು ಆ ವಾಕ್ಯದ ಎರಡನೇ ಭಾಗ ಓದಿದಾಗ ಬೆಚ್ಚಿದರು.

ಆದರೆ ಇಲ್ಲಿ ಕೂತು ಅಲ್ಲಿನವರನ್ನು ಬೈಯುವ ನಾವು ನಮ್ಮ ಕಾಯ್ದೆಯನ್ನೂ ಒಮ್ಮೆ ತೆರೆಯಬೇಕು. 1955ರ ಪೌರತ್ವ ಕಾಯ್ದೆಯ ಪ್ರಕಾರ ಭಾರತದಲ್ಲಿ ಹುಟ್ಟಿದವರೆಲ್ಲ, ಕೆಲವೇ ಅಪವಾದ ಬಿಟ್ಟರೆ, ಭಾರತೀಯರಾಗಿದ್ದರು. 1987ರ ಜುಲೈನಿಂದ ತಂದೆತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು. ಎರಡೂ ಸಲ ಇದು ಸಂಸತ್ತಿನಲ್ಲೇ ಆಯಿತು, ನಿಜ. ಕನ್ನಡದಲ್ಲಿ ಇದರ ಬಗ್ಗೆ ಆಗ ಎಷ್ಟು ಬರೆದೆವು?

ಸುಪ್ರೀಂ ಕೋರ್ಟು 2025ರ ಜೂನ್‌ನಲ್ಲಿ, ಕೆಳ ನ್ಯಾಯಾಲಯಗಳು ದೇಶಕ್ಕೆಲ್ಲ ಅನ್ವಯಿಸುವ ತಡೆ ನೀಡುವುದಕ್ಕೆ ಮಿತಿ ಹಾಕಿತು. ಡಿಸೆಂಬರ್‌ನಲ್ಲಿ ಆದೇಶದ ಸಿಂಧುತ್ವವನ್ನೇ ವಿಚಾರಣೆಗೆ ಎತ್ತಿಕೊಂಡಿತು. ವಾದದುದ್ದಕ್ಕೂ ಎಲ್ಲರ ಬಾಯಲ್ಲಿರುವುದು ಒಬ್ಬನ ಹೆಸರು, ವಾಂಗ್ ಕಿಮ್ ಆರ್ಕ್. 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ವ್ಯಾಪಾರಿಯ ಮಗನಾಗಿ ಹುಟ್ಟಿದವನು, ಅಡುಗೆಯವನು. 1895ರಲ್ಲಿ ಚೀನಾದಿಂದ ಮರಳಿದಾಗ ಹಡಗಿನಿಂದ ಇಳಿಯಲು ಬಿಡಲಿಲ್ಲ. 1898ರಲ್ಲಿ ಕೋರ್ಟ್ 6–2ರಿಂದ ಆತ ಹುಟ್ಟಿನಿಂದಲೇ ಪೌರ ಎಂದಿತು. ಭಿನ್ನಮತ ಬರೆದವರ ಜೊತೆ ನಿಂತವರು ಹಾರ್ಲನ್, ಎರಡೇ ವರ್ಷದ ಹಿಂದೆ ಕಪ್ಪು ಜನರ ಪರ ಪ್ಲೆಸಿ ಪ್ರಕರಣದಲ್ಲಿ ಒಂಟಿಯಾಗಿ ನಿಂತಿದ್ದ ನ್ಯಾಯಮೂರ್ತಿ. ದೊಡ್ಡವರ ಕಣ್ಣಿಗೂ ಒಂದು ಕಡೆ ಪೊರೆ ಇರುತ್ತದೆ.

ಗೆದ್ದ ಮೂರೇ ವರ್ಷಕ್ಕೆ, 1901ರಲ್ಲಿ, ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ವಾಂಗ್‌ನನ್ನು ಮತ್ತೆ ಬಂಧಿಸಿದರು. ಚೀನೀಯರನ್ನು ಹೊರಗಿಡುವ ಕಾಯ್ದೆ ಇನ್ನೂ ಜಾರಿಯಲ್ಲಿತ್ತು, ಅಧಿಕಾರಿಯ ಕಣ್ಣಿಗೆ ಕಂಡದ್ದು ಮುಖ. ಆತನಂಥವರು ದೇಶದಿಂದ ಹೊರಗೆ ಹೋಗಿಬರಬೇಕೆಂದರೆ ಮೊದಲೇ ತುಂಬಿ ಕೊಡಬೇಕಿದ್ದ ಒಂದು ನಮೂನೆಯಿತ್ತು. ಅದರ ತಲೆಬರಹ ಹೀಗೆ ಶುರುವಾಗುತ್ತಿತ್ತು: ಅಮೆರಿಕದ ಪೌರನೆಂದು ಹೇಳಿಕೊಳ್ಳುವ ಚೀನೀ ಜನಾಂಗದವನ ಅರ್ಜಿ.