‘ಡಿಹೈಡ್ರೋಜಿನೇಸ್’ ಶಬ್ದದ ಅರ್ಥವಿಮರ್ಶೆ

ಸಂಸ್ಕೃತದಲ್ಲಿ ‘ಕಿಣ್ವ’ವೆಂದರೆ ಸುರೆಯನ್ನು ಹುದುಗಿಸುವ ದ್ರವ್ಯ. ಗ್ರೀಕ್ ಮೂಲದ ‘ಎಂಜೈಮ್’ ಶಬ್ದಕ್ಕೂ ‘ಹುದುಗಿನೊಳಗಣದು’ ಎಂದೇ ಅರ್ಥವಾದುದರಿಂದ ಈ ಪರ್ಯಾಯವು ಯುಕ್ತವಾಗಿದೆ. ಆದರೆ ‘ಡಿಹೈಡ್ರೋಜಿನೇಸ್’ ಎಂಬುದನ್ನು ‘ನಿರ್ಜಲಕಾರಿ’ ಎಂದು ಪರಿವರ್ತಿಸುವುದು ಸಲ್ಲದು. ಈ ಕಿಣ್ವವು ಅಪಹರಿಸುವುದು ಜಲವನ್ನಲ್ಲ, ಜಲಜನಕವನ್ನು. ಯಕೃತ್ತಿನಲ್ಲಿರುವ ಆಲ್ಕೊಹಾಲ್ ಡಿಹೈಡ್ರೋಜಿನೇಸು ಎಥನಾಲಿನ ಪ್ರತಿಯೊಂದು ಅಣುವಿನಿಂದ 2 ಜಲಜನಕ ಪರಮಾಣುಗಳನ್ನು ಕಳೆದು ಅದನ್ನು ಅಸಿಟಾಲ್ಡಿಹೈಡನ್ನಾಗಿ ಮಾಡುವುದು. ಆದಕಾರಣ ‘ಜಲಜನಕಾಪಹಾರಿ’ ಎಂಬ ಪದವೇ ಮೇಲು.

ಇದನ್ನೇ ಲಕ್ಷಣವೆಂದು ಹಿಡಿದರಾದರೋ ಅವ್ಯಾಪ್ತಿದೋಷವು ಬರುವುದು. ಯೀಸ್ಟಿನಲ್ಲಿ ಇದೇ ಜಾತಿಯ ಕಿಣ್ವವು ಅಸಿಟಾಲ್ಡಿಹೈಡಿಗೆ ಜಲಜನಕವನ್ನು ಕೂಡಿಸಿ ಎಥನಾಲನ್ನು ಉಂಟುಮಾಡುವುದು, ಕ್ರಿಯೆಯು ಉಭಯಮುಖವಾದುದು. ಕೆಸರಿನಲ್ಲಿ ಹುಟ್ಟಿದುದೆಲ್ಲವೂ ಪಂಕಜವಲ್ಲವಷ್ಟೆ! ಅಂತೆಯೇ ಈ ಹೆಸರನ್ನೂ ಯೋಗರೂಢವೆಂದು ಗ್ರಹಿಸಬೇಕು. ಅವಯವಾರ್ಥವನ್ನೇ ನಂಬಿದ ವಿದ್ಯಾರ್ಥಿಯು ಕ್ರಿಯೆಯ ಅರ್ಧವನ್ನು ಮಾತ್ರ ಅರಿತಾನು.