ನಾಲ್ಕು ಗಂಟೆಯ ಸ್ಲಾಟ್

ರನ್ನ ಇವತ್ತು ಹುಟ್ಟಿದ್ದರೆ ಅವನ ಹತ್ತಿರ ಯಾವ ಸರ್ಟಿಫಿಕೇಟ್ ಇರ್ತಿತ್ತು ಅಂತ ಒಮ್ಮೊಮ್ಮೆ ಯೋಚಿಸ್ತೀನಿ. ಮುಧೋಳದ ಬಳೆಗಾರರ ಮನೆಯ ಹುಡುಗ, ವಿದ್ಯೆಯ ಹುಚ್ಚಿಗೆ ಊರು ಬಿಟ್ಟು ದಕ್ಷಿಣಕ್ಕೆ ಹೋದವ. ಗಂಗರ ಮಂತ್ರಿ ಚಾವುಂಡರಾಯ ಆಸರೆ ಕೊಟ್ಟ. ಆಮೇಲೆ ಅತ್ತಿಮಬ್ಬೆ ಬರೆಸಿದಳು, 993ರಲ್ಲಿ 'ಅಜಿತಪುರಾಣ' ಮುಗೀತು. ಚಾಲುಕ್ಯ ದೊರೆ ಕವಿಚಕ್ರವರ್ತಿ ಅಂತ ಕರೆದ. ಈ ಮೂವರು ದಾನಿಗಳಲ್ಲಿ ನನಗೆ ಸೇರೋದು ಅತ್ತಿಮಬ್ಬೆ. ಯಾಕಂದ್ರೆ ಆಕೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿ ಕಾಲದಲ್ಲಿ ಸಾವಿರ ಪ್ರತಿ ಅಂದ್ರೆ ಎಷ್ಟು ಮಂದಿ ಕೂತು ಎಷ್ಟು ದಿನ ಬರೆದಿರಬೇಕು ನೋಡ್ರಿ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಆಕೆ ಲಾಂಚ್ ಪಾರ್ಟಿಗೆ ದುಡ್ಡು ಕೊಡಲಿಲ್ಲ, ಬ್ಯಾಕಪ್‌ಗೆ ಕೊಟ್ಟಳು.

ಅದೇ ರನ್ನನ ಹೆಸರಲ್ಲಿ ಸರಕಾರ ನಮ್ಮಲ್ಲಿ 'ರನ್ನ ವೈಭವ' ಮಾಡ್ತದೆ. ವರ್ಷಗಟ್ಟಲೆ ಸುಮ್ಮನಿದ್ದು 2025ರ ಫೆಬ್ರುವರಿಯಲ್ಲಿ ಮತ್ತೆ ಮಾಡಿದ್ರು. ಬೇಡ ಅನ್ನೋನು ನಾನಲ್ಲ. ಊರಿಗೆ ಒಂದು ಹಬ್ಬ ಬಂದ್ರೆ ಯಾರಿಗೆ ಬ್ಯಾಡ? ನನ್ನ ತಕರಾರು ಯಾವುದೋ ಒಂದು ಉತ್ಸವದ ಮೇಲಲ್ಲ, ಉತ್ಸವ ಅನ್ನೋ ಅಚ್ಚಿನ ಮೇಲೆ. ಹಂಪಿ ಉತ್ಸವ, ಚಾಲುಕ್ಯ ಉತ್ಸವ, ಕಿತ್ತೂರು ಉತ್ಸವ ಅಂತ ಜಿಲ್ಲೆ ಜಿಲ್ಲೆಗೂ ಒಂದೊಂದು ಇದೆ. ಬೆಳಿಗ್ಗೆ ಮೆರವಣಿಗೆ, ಮಧ್ಯಾಹ್ನ ಗೋಷ್ಠಿ, ರಾತ್ರಿ ಮುಖ್ಯ ವೇದಿಕೆ ಮೇಲೆ ಬೆಂಗಳೂರು-ಮುಂಬೈಯಿಂದ ಬಂದ ಸಿನಿಮಾ ಗಾಯಕರು. ನಡುವೆ ಬಿಸಿಲು ಇನ್ನೂ ಇಳಿಯದ ನಾಲ್ಕು ಗಂಟೆಗೆ, ಖಾಲಿ ಪ್ಲಾಸ್ಟಿಕ್ ಕುರ್ಚಿಗಳ ಎದುರು, 'ಸ್ಥಳೀಯ ಕಲಾವಿದರಿಗೆ ಅವಕಾಶ'. ಮೈಕ್ ಟೆಸ್ಟಿಂಗ್ ಮುಗಿಯೋ ಹೊತ್ತಿಗೆ ಅವರ ಇಪ್ಪತ್ತು ನಿಮಿಷವೂ ಮುಗಿದಿರ್ತದೆ.

ಇಪ್ಪತ್ತು ನಿಮಿಷದಲ್ಲಿ ಶ್ರೀಕೃಷ್ಣ ಪಾರಿಜಾತ ಹೆಂಗ ಮಾಡ್ತೀರಿ?

ಪಾರಿಜಾತ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳ್ತೀನಿ. ಅಪರಾಳ ತಮ್ಮಣ್ಣ ಬರೆದದ್ದು, ಕುಲಗೋಡ ತಮ್ಮಣ್ಣ ಅದಕ್ಕೆ ಆಟದ ರೂಪ ಕೊಟ್ಟು ಊರೂರಿಗೆ ಮುಟ್ಟಿಸಿದ್ದು. ಕುಲಗೋಡ ಮುಧೋಳಕ್ಕೆ ದೂರವೇನಲ್ಲ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಹೆಸರು ಮಾಡಿದ್ದು ಇದೇ ಆಟದಲ್ಲಿ. ಕಥೆ ಸಣ್ಣದು. ನಾರದ ಒಂದು ಹೂವು ತಂದ, ಕೃಷ್ಣ ಅದನ್ನ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆಗೆ ಹೊಟ್ಟೆಕಿಚ್ಚಾಯ್ತು. ಇಷ್ಟನ್ನ ರಾತ್ರಿಪೂರ್ತಿ ಆಡ್ತಾರೆ. ಹಾರ್ಮೋನಿಯಂ, ತಬಲಾ, ತಾಳ, ಹಿಮ್ಮೇಳ. ಆದ್ರೆ ಆಟದ ಜೀವ ಇರೋದು ಭಾಗವತನ ಬಾಯಲ್ಲಿ. ಅವನು ಸತ್ಯಭಾಮೆಯನ್ನ ಕೆಣಕ್ತಾನೆ, ಕೃಷ್ಣನ ಕಾಲೆಳೀತಾನೆ, ಮುಂದೆ ಕೂತ ಗೌಡರನ್ನೂ ಬಿಡೋದಿಲ್ಲ. ಆ ವರ್ಷದ ಕಬ್ಬಿನ ದರ, ಹೋದ ವಾರದ ಪಂಚಾಯ್ತಿ ಜಗಳ ಎಲ್ಲಾ ದ್ವಾರಕೆಯೊಳಗೆ ಬರ್ತವೆ. ಇದು ಬರೆದಿಟ್ಟ ಮಾತಲ್ಲ. ಎದುರಿಗೆ ಜನ ಕೂತಿದ್ರೆ ಮಾತ್ರ ಹುಟ್ಟೋ ಮಾತು. ಇಪ್ಪತ್ತು ನಿಮಿಷ ಕೊಟ್ರೆ ಮೇಳದವರು ಬಣ್ಣ ಹಚ್ಚಿ, ಎರಡು ಹಾಡು ಹೇಳಿ, ಶಾಲು ಹೊದ್ದು ಇಳೀತಾರೆ. ನೋಡಿದವರು 'ಹೋ, ಇದೇ ಪಾರಿಜಾತ' ಅಂದ್ಕೊಂಡು ಮನೆಗೆ ಹೋಗ್ತಾರೆ. ನನ್ನ ಸಿಟ್ಟು ಇರೋದು ಇಲ್ಲಿ. ಕಲೆ ಸಾಯೋದು ಬೇರೆ ಮಾತು, ಅದರ ಸ್ಯಾಂಪಲ್ ತೋರಿಸಿ ಇದೇ ಅದು ಅಂತ ನಂಬಿಸೋದು ಇನ್ನೂ ಕೆಟ್ಟದ್ದು.

ಇನ್ನು ಕಾಗದದ ಕಥೆ. ನಮ್ಮ ಕಾಕಾ ನಲವತ್ತು ವರ್ಷ ಭಾಗವತಿಕೆ ಮಾಡಿದಾನೆ. ಕಷ್ಟದಲ್ಲಿರುವ ಕಲಾವಿದರಿಗೆ ಸರಕಾರ ಮಾಸಾಶನ ಕೊಡ್ತದೆ, ಒಳ್ಳೆ ಯೋಜನೆ. ಅವನ ಅರ್ಜಿ ತುಂಬೋ ಕೆಲಸ ಮನೆಯ ಇಂಜಿನಿಯರ್ ಆದ ನನ್ನ ಪಾಲಿಗೆ ಬಂತು. ಕಲಾಸೇವೆಗೆ ದಾಖಲೆ ಕೊಡ್ರಿ ಅಂದ್ರು ಒಂದು ಕಚೇರಿಯಲ್ಲಿ. ಪ್ರಶಸ್ತಿಪತ್ರ, ಕರಪತ್ರ, ಪೇಪರ್ ಕಟಿಂಗ್, ಫೋಟೋ. ಕಾಕಾನಿಗೆ ಊರವರು ಕೊಟ್ಟಿದ್ದು ಜೋಳ, ಬೆಲ್ಲ, ಹೆಗಲ ಮೇಲೆ ಒಂದು ಟವೆಲ್. ಬೆಳಗಿನ ಜಾವ ಆಟ ಮುಗಿಸಿ ಹೊಲಕ್ಕೆ ಹೋಗೋ ಮಂದಿ ಫೋಟೋ ತೆಗೆಸ್ತಾರೇನು?

'ತಮ್ಮಾ, ನಿನ್ನ ಕಂಪ್ಯೂಟರ್‌ನ್ಯಾಗ ನಾ ಹಾಡಿದ್ದು ಎಲ್ಲೂ ಇಲ್ಲೇನು?' ಅಂದ ಕಾಕಾ.

'ಇಲ್ಲ ಕಾಕಾ.'

'ಹಂಗಾದ್ರ ನಾ ಹಾಡೇ ಇಲ್ಲ ತಗೋ' ಅಂತ ನಕ್ಕ. ಭಾಗವತ ಅಲ್ಲವೇ, ಅಲ್ಲೂ ಬಿಡಲಿಲ್ಲ.

ಈ ದಾಖಲೆಯ ಆಟ ಕೋವಿಡ್‌ನಲ್ಲಿ ಎಲ್ಲರಿಗೂ ಕಂಡಿತ್ತು. 2021ರ ಮೇ ತಿಂಗಳಲ್ಲಿ ಸರಕಾರ 1,250 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಅದರಲ್ಲಿ ಕಲಾವಿದರು ಮತ್ತು ಕಲಾತಂಡಗಳಿಗೆ ತಲಾ 3,000. ಲೆಕ್ಕ ಹಾಕಿದ್ದು 16,095 ಫಲಾನುಭವಿಗಳಿಗೆ. ಅಂದ್ರೆ ಐದು ಕೋಟಿಯೂ ಆಗಲಿಲ್ಲ. 2011ರ ಜನಗಣತಿಯಲ್ಲೇ ಆರು ಕೋಟಿ ದಾಟಿದ ರಾಜ್ಯ ಇದು. ಜಾತ್ರೆಯಿಲ್ಲದ ಊರಿಲ್ಲ, ಭಜನಾ ಮೇಳವಿಲ್ಲದ ಓಣಿಯಿಲ್ಲ. ಹದಿನಾರು ಸಾವಿರ ಅನ್ನೋದು ಕಲಾವಿದರ ಸಂಖ್ಯೆ ಅಲ್ಲ, ಕಾಗದ ಇರೋರ ಸಂಖ್ಯೆ. ಡೇಟಾಬೇಸ್ ಕೆಲಸ ಮಾಡೋ ನನಗೆ ಇದು ಹೊಸದೇನಲ್ಲ. ಟೇಬಲ್‌ನಲ್ಲಿ ಇಲ್ಲದ ಮನುಷ್ಯ ಸಿಸ್ಟಮ್‌ಗೆ ಇಲ್ಲ.

ಇತ್ತ ರಾಜ್ಯೋತ್ಸವ ಪ್ರಶಸ್ತಿ ನೋಡ್ರಿ. 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನ. 2024ರಲ್ಲಿ 69 ಮಂದಿಗೆ, 2025ರಲ್ಲಿ 70 ಮಂದಿಗೆ. ರಾಜ್ಯಕ್ಕೆ ವಯಸ್ಸಾದಂಗ ಒಂದೊಂದೇ ಏರ್ತದೆ. ಸಿಕ್ಕವರಲ್ಲಿ ಯೋಗ್ಯರು ಬಹಳ ಇದ್ದಾರೆ. ಕೇಂದ್ರದ ಪದ್ಮಶ್ರೀ 2025ರಲ್ಲಿ ನಮ್ಮ ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಸುಗತೇಕರರಿಗೆ ಬಂದಾಗ ನಮ್ಮ ವಾಟ್ಸಾಪ್ ಗ್ರೂಪ್ ತುಂಬಾ ಪಟಾಕಿ. ಆದ್ರೆ ಪ್ರಶಸ್ತಿ ಬರೋದು ಕಲಿತು, ಹಾಡಿ, ಮುಪ್ಪಾದ ಮೇಲೆ. ಹದಿನೆಂಟರ ಹುಡುಗ ತಾಳ ಹಿಡಿದು ಕೂತಿರೋ ಹೊತ್ತಿಗೆ ಸರಕಾರ ಅವನ ಕಡೆ ತಿರುಗಿಯೂ ನೋಡೋದಿಲ್ಲ.

ಸಂಸ್ಥೆ ಇಲ್ಲ ಅಂತಲೂ ಹೇಳೋ ಹಂಗಿಲ್ಲ. 2017ರಲ್ಲಿ ಯಕ್ಷಗಾನ ಮತ್ತು ಬಯಲಾಟವನ್ನ ಬೇರೆ ಬೇರೆ ಅಕಾಡೆಮಿ ಮಾಡಿ, ಬಯಲಾಟ ಅಕಾಡೆಮಿಯನ್ನ ಬಾಗಲಕೋಟೆಗೇ ತಂದ್ರು. ಕಲೆ ಇರೋ ಕಡೆ ಕಚೇರಿ. ಖುಷಿಪಟ್ಟಿದ್ದೆ. ಆದ್ರೆ ಸರಕಾರ ಬದಲಾದಾಗೊಮ್ಮೆ ಎಲ್ಲಾ ಅಕಾಡೆಮಿಗಳ ಅಧ್ಯಕ್ಷರೂ ಸದಸ್ಯರೂ ಎದ್ದು ಹೋಗಬೇಕು. 2019ರಲ್ಲಿ ಹಿಂಗ ಆಯ್ತು. 2023ರ ಮೇನಲ್ಲಿ ಮತ್ತೆ ಸರಕಾರ ಬದಲಾಯ್ತು, ಹೊಸ ನೇಮಕದ ಆದೇಶ ಬಂದದ್ದು 2024ರ ಮಾರ್ಚ್‌ನಲ್ಲಿ, ಲೋಕಸಭೆ ಚುನಾವಣೆ ಘೋಷಣೆಯ ಹೊಸ್ತಿಲಲ್ಲಿ. ಬರಗೂರು ರಾಮಚಂದ್ರಪ್ಪನವರ ಸಮಿತಿ 2014ರಲ್ಲೇ ಸಾಂಸ್ಕೃತಿಕ ನೀತಿಯ ವರದಿ ಕೊಟ್ಟಿತ್ತು, 2017ರಲ್ಲಿ ಸಂಪುಟ ಒಪ್ಪಿತು. ಒಪ್ಪಿದ ಮೇಲೂ ಕುರ್ಚಿ ಖಾಲಿ. ಬ್ರಿಟನ್ನಿನಲ್ಲಿ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಮಾಡಿದಾಗ ಇಟ್ಟುಕೊಂಡ ನಿಯಮ, ದುಡ್ಡು ಸರಕಾರದ್ದು, ಯಾರಿಗೆ ಅನ್ನೋ ತೀರ್ಮಾನ ಸರಕಾರದ್ದಲ್ಲ ಅಂತ. ಅಲ್ಲೂ ಜಗಳ ಇದ್ದೇ ಇದೆ. ಆದ್ರೂ ನಿಯಮ ಅಂತ ಒಂದಿದೆ.

ಎಲ್ಲಾ ತಪ್ಪು ವಿಧಾನಸೌಧದ ಮೇಲೆ ಹಾಕಿ ಕೂಡೋದು ಸುಲಭ. ನಮ್ಮ ಊರುಗಳಿಗೇನು ದುಡ್ಡಿಲ್ಲವೇ? ಘಟಪ್ರಭೆ ನೀರು, ಕಬ್ಬು, ಸಕ್ಕರೆ ಫ್ಯಾಕ್ಟರಿ. ಪಾರಿಜಾತಕ್ಕೆ ಎತ್ತುತ್ತಿದ್ದ ವಂತಿಗೆ ಈಗಲೂ ಎತ್ತುತ್ತಾರೆ, ಅದರ ಹತ್ತುಪಟ್ಟು. ಡಿಜೆಗೆ ಹೋಗ್ತದೆ. ಕರಾವಳಿಯಲ್ಲಿ ಯಕ್ಷಗಾನ ಉಳಿದದ್ದು ಮುಖ್ಯವಾಗಿ ಸರಕಾರದ ದುಡ್ಡಿಂದ ಅಲ್ಲ. ಕಟೀಲು ಮೇಳದ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಕಾಯ್ತಾರೆ. ಕಲಾವಿದನಿಗೆ ಪತ್ತನಾಜೆವರೆಗೂ ತಿರುಗಾಟ, ಸಂಬಳ ಇದೆ. ಮಂಗಳೂರಿನ ನನ್ನ ಟೀಮ್‌ಮೇಟ್ ಒಬ್ಬ ಮನೆ ಕಟ್ಟಿಸಿದ್ದಕ್ಕೆ ಆಟ ಆಡಿಸಿದ, ಗೃಹಪ್ರವೇಶಕ್ಕಿಂತ ಹೆಚ್ಚು ಮಂದಿ ಬಂದಿದ್ರಂತೆ. ನಮ್ಮ ಬನಶಂಕರಿ ಜಾತ್ರೆಯಲ್ಲೂ ನಾಟಕ ಕಂಪನಿಗಳು ಟಿಕೆಟ್ ಮೇಲೇ ಬದುಕ್ತವೆ. ಡಬಲ್ ಮೀನಿಂಗ್ ಜಾಸ್ತಿ ಆಯ್ತು ಅಂತ ಬೈತೀವಿ, ಆದ್ರೂ ಬದುಕಿದಾವೆ. ಪಾರಿಜಾತಕ್ಕೆ ಹರಕೆಯೂ ಇಲ್ಲ, ಟಿಕೆಟ್ಟೂ ಇಲ್ಲ. ಸರಕಾರ ಬೇಕಾಗಿರೋದು ಇಂಥ ಜಾಗದಲ್ಲೇ.

ಬೇಕಾಗಿರೋದು ವೇದಿಕೆ ಅಲ್ಲ, ತಾಲೀಮು. ಒಂದು ಮೇಳ, ಒಬ್ಬ ಭಾಗವತ, ಆರು ಹುಡುಗರು. ಸುಗ್ಗಿ ಮುಗಿದ ಮೇಲೆ ಆರು ತಿಂಗಳು ಇಬ್ಬರಿಗೂ, ಕಲಿಸೋನಿಗೂ ಕಲಿಯೋನಿಗೂ, ತಿಂಗಳಾ ದುಡ್ಡು. ಇದೇನು ನಾನು ಕಂಡುಹಿಡಿದದ್ದಲ್ಲ. ವಳ್ಳತ್ತೋಳ್ 1930ರಲ್ಲಿ ಲಾಟರಿ ದುಡ್ಡು ಕೂಡಿಸಿ ಕೇರಳ ಕಲಾಮಂಡಲಂ ಶುರು ಮಾಡಿದ್ದು ಕಥಕಳಿ ಕಲಿಸೋಕೆ, ಮೊದಲು ಶಾಲೆ. ಹೆಗ್ಗೋಡಿನ ನೀನಾಸಮ್ 1985ರಿಂದ 'ತಿರುಗಾಟ' ಮಾಡ್ತಿದೆ, ಅದಕ್ಕೂ ಮುಂಚೆ ರಂಗಶಿಕ್ಷಣ ಕೇಂದ್ರ ಬಂದಿತ್ತು. ಅಷ್ಟು ದೂರ ಯಾಕೆ, ಮುಧೋಳದ ತಿಮ್ಮಾಪುರದಲ್ಲಿ ನಮ್ಮ ಬೇಟೆನಾಯಿ ತಳಿ ಕೆಡಬಾರದು ಅಂತ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಅದರ ಮೇಲೆ ಅಂಚೆಚೀಟಿಯೂ ಬಂತು. ನಾಯಿಯನ್ನ ಉಳಿಸಬೇಕಾದ್ರೆ ಮರಿಗಳನ್ನ ಸಾಕಬೇಕು ಅಂತ ಅಲ್ಲಿ ಗೊತ್ತಿದೆ.

ದುಡ್ಡು ಕೊಟ್ಟಿದ್ದಕ್ಕೆ ಲೆಕ್ಕ ಬೇಕೋ? ಕೇಳಲಿ, ಕೇಳಲೇಬೇಕು. ಆರು ತಿಂಗಳಾದ ಮೇಲೆ ಯಾವುದೋ ಹಳ್ಳಿಯ ಹನಮಪ್ಪನ ಗುಡಿ ಮುಂದೆ ಒಂದು ರಾತ್ರಿ ಪೂರ್ತಿ ಆಟ ಆಡಿಸಿ, ಕೊರವಂಜಿ ಬಂದು ಕಣಿ ಹೇಳೋ ಹೊತ್ತಿಗೆ ಎಷ್ಟು ಮಂದಿ ಎದ್ದು ಹೋಗದೆ ಕೂತಿದ್ದಾರೆ ಎಣಿಸಲಿ. ಅದಕ್ಕೆ ಒಬ್ಬ ಗುಮಾಸ್ತನ ಒಂದು ರಾತ್ರಿ ನಿದ್ದೆ ಖರ್ಚು.

ಕಾಕಾ ಈಗ ನಾಲ್ಕು ಗಂಟೆಯ ಸ್ಲಾಟ್ ಕೊಟ್ರೂ ಹೂಂ ಅಂತಾನೆ, ಸರ್ಟಿಫಿಕೇಟ್ ಕೊಡ್ತಾರಲ್ಲ. ಎರಡಾಗಿವೆ, ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿಟ್ಟಿದಾನೆ. ನಮ್ಮೂರ ಮೇಳದಲ್ಲಿ ಈಗ ಎಲ್ಲರಿಗಿಂತ ಸಣ್ಣವನಿಗೆ 48 ವರ್ಷ. ಸತ್ಯಭಾಮೆಯ ಪಾತ್ರ ಅವನದೇ.