ಪಾಲಿಸಿಯ ಹದಿನೆಂಟನೇ ಕಲಮು

ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ‘ಆರೋಗ್ಯ ಸಂಜೀವನಿ’ ಪಾಲಿಸಿಯನ್ನು ಒಂದು ಬರಹವೆಂದು ಓದಿದರೆ ಮೆಚ್ಚಲು ಕಾರಣಗಳಿವೆ. ಯಾವ ಕಂಪನಿಯ ಬಾಗಿಲಿಗೆ ಹೋದರೂ ಅದೇ ಷರತ್ತು, ಅದೇ ಮಾತು. ಬದಲಾಗುವುದು ಪ್ರೀಮಿಯಂ ಮಾತ್ರ. ರೂಮಿನ ಬಾಡಿಗೆ ವಿಮಾ ಮೊತ್ತದ ಶೇ 2, ದಿನಕ್ಕೆ ಹೆಚ್ಚೆಂದರೆ 5,000 ರೂಪಾಯಿ. ಬಿಲ್ಲಿನಲ್ಲಿ ಶೇ 5 ನಿಮ್ಮ ಪಾಲು. ಕೊಡುವುದು ಕಡಿಮೆಯಿರಬಹುದು, ಎಷ್ಟು ಕಡಿಮೆ ಎಂಬುದನ್ನಂತೂ ಮುಚ್ಚಿಟ್ಟಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿಯೂ ಹೋಗಿದೆ. (ರಾಜ್ಯ ಸರ್ಕಾರಿ ನೌಕರರ ‘ಕರ್ನಾಟಕ ಆರೋಗ್ಯ ಸಂಜೀವಿನಿ’ ಬೇರೆಯದೇ ಯೋಜನೆ. ಮೇಷ್ಟರು, ಗುಮಾಸ್ತರು ಬಹಳವಿರುವ ಶಿವಮೊಗ್ಗದ ವಿನೋಬನಗರದಂಥ ಬಡಾವಣೆಯಲ್ಲಿ ಈ ಎರಡು ಹೆಸರು ಕಲಸಿಹೋದರೆ ಆಶ್ಚರ್ಯವಿಲ್ಲ.)

ಆದರೆ ಇದೇ ವಿನೋಬನಗರದ ಪೊಲೀಸ್ ಚೌಕಿಯ ಆಸುಪಾಸಿನಲ್ಲಿ ಬಾಡಿಗೆ ಮನೆ ಹಿಡಿದು, ಮುಂದಿನ ವರ್ಷಕ್ಕೆ ಮಗು ಬೇಕೆಂದು ಲೆಕ್ಕ ಹಾಕುತ್ತಿರುವ ಗಂಡಹೆಂಡಿರು ಇದನ್ನು ಓದಲು ಶುರುಮಾಡಬೇಕಾದ್ದು ಏನೇನು ಕೊಡುವುದಿಲ್ಲ ಎಂಬ ಪಟ್ಟಿಯಿಂದ. ಆ ಪಟ್ಟಿಗೆ ದೇಶದ ಎಲ್ಲ ಕಂಪನಿಗಳೂ ಬಳಸುವ ಒಂದೇ ಸಂಖ್ಯಾಕ್ರಮವಿದೆ. 17ನೆಯದು ಮಕ್ಕಳಾಗದ್ದಕ್ಕೆ ಮಾಡಿಸುವ ಚಿಕಿತ್ಸೆ. 18ನೆಯದು ಹೆರಿಗೆ. ಸಹಜವಾದದ್ದು, ಸಿಸೇರಿಯನ್, ತೊಡಕಿನದು, ಅಪಘಾತದಿಂದಲ್ಲದ ಗರ್ಭಪಾತ, ಎಲ್ಲವೂ ಹೊರಗೆ. ಅಪಘಾತದ ಗರ್ಭಪಾತ ಬಿಟ್ಟರೆ ವಿನಾಯಿತಿ ಸಿಕ್ಕಿರುವುದು ಒಂದಕ್ಕೇ: ಗರ್ಭಕೋಶದ ಆಚೆ ಕಟ್ಟಿಕೊಳ್ಳುವ ಗರ್ಭಕ್ಕೆ. ಎಂದರೆ, ಮಗುವಾಗಿ ಮಡಿಲು ಸೇರಲಾರದ ಬಸಿರಿಗೆ ಮಾತ್ರ ಈ ಪಾಲಿಸಿಯೊಳಗೆ ಜಾಗ. ಅದು ಜೀವಕ್ಕೆ ಕುತ್ತು ತರುವ ತುರ್ತು ಸ್ಥಿತಿ, ಹಾಗಾಗಿ ಒಳಗಿಟ್ಟಿದ್ದಾರೆ ಎಂಬುದು ಗೊತ್ತಿದ್ದರೂ ಆ ಸಾಲು ಓದುವಾಗ ಕಸಿವಿಸಿಯಾಗುತ್ತದೆ.

ಕಂಪನಿಗಳ ವಾದ ಸುಳ್ಳಲ್ಲ. ವಿಮೆ ಇರುವುದು ಆಕಸ್ಮಿಕಕ್ಕೆ. ಹೆರಿಗೆ ತಿಂಗಳು ಎಣಿಸಿ ಬರುವಂಥದ್ದು. ಬಸಿರು ನಿಂತ ಮೇಲೆ ಪಾಲಿಸಿ ಕೊಳ್ಳಬಹುದು ಎಂದರೆ ಬಸುರಿಯರಷ್ಟೇ ಕೊಳ್ಳುತ್ತಾರೆ. ಇಷ್ಟನ್ನು ಒಪ್ಪೋಣ. ಆದರೆ ಏಳು ತಿಂಗಳಿಗೇ ಹುಟ್ಟುವ ಮಗು ಆಕಸ್ಮಿಕವಲ್ಲವೆ? ಬಿಲ್ಲು ಏರುವುದು ಹೆರಿಗೆ ಕೋಣೆಯಲ್ಲಲ್ಲ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ. ಅಲ್ಲಿ ಮಗು ಒಂದೊಂದು ಗ್ರಾಂ ತೂಕ ಹೆಚ್ಚಿಸಿಕೊಳ್ಳುತ್ತಿರುವಾಗ ಈ ಪಾಲಿಸಿ ಬಾಯಿ ಬಿಡುವುದಿಲ್ಲ. ಇದರ ಪಠ್ಯದ ಪ್ರಕಾರ ಮಕ್ಕಳಿಗೆ ಪ್ರವೇಶ ಮೂರು ತಿಂಗಳು ತುಂಬಿದ ಮೇಲೆ. 18ನೇ ಕಲಮಿಗಿಂತ ದೊಡ್ಡ ಲೋಪ ಇದು. ಏಜೆಂಟರು ಹೇಳದೆ ಬಿಡುವುದೂ ಸಾಮಾನ್ಯವಾಗಿ ಇದನ್ನೇ.

ಹೆಚ್ಚು ದುಡ್ಡಿಗೆ ಹೆರಿಗೆಯನ್ನೂ ಸೇರಿಸಿ ಮಾರುವ ಪಾಲಿಸಿಗಳು ಇವೆ. ಸಾಮಾನ್ಯವಾಗಿ ಎರಡೋ ಮೂರೋ ವರ್ಷ ಕಾಯಬೇಕು, ಕೊಡುವ ಮೊತ್ತಕ್ಕೂ ಮಿತಿ. ವರ್ಷಕ್ಕೆ ಹತ್ತು ಸಾವಿರ ಹೆಚ್ಚು ಕಟ್ಟಿ, ಮೂರು ವರ್ಷವಾದ ಮೇಲೆ ಐವತ್ತು ಸಾವಿರದ ಮಿತಿಯಲ್ಲಿ ಪಡೆಯುವುದಾದರೆ ಅದು ಚೀಟಿ ಹಾಕಿದ ಹಾಗೆಯೇ. ಮಗು ತಡವಾದರೆ ಚೀಟಿಯೂ ನಷ್ಟ. ಏಜೆಂಟರಿಂದ ಹೆರಿಗೆ ಸೇರಿದ್ದು, ಸೇರದ್ದು ಎರಡೂ ಕೊಟೇಶನ್ ತರಿಸಿ ಪಕ್ಕಪಕ್ಕ ಇಟ್ಟರೆ ಲೆಕ್ಕ ತಾನಾಗಿಯೇ ಹೊರಬೀಳುತ್ತದೆ. ಇಂಥ ಪಾಲಿಸಿಗೆ ಬೆಲೆ ಬರುವುದು ಅದು ಮಗುವನ್ನು ಹುಟ್ಟಿದ ದಿನದಿಂದಲೇ ಒಳಗೆ ಸೇರಿಸಿಕೊಂಡರೆ. ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಅದೇ, ಉತ್ತರ ಬಾಯಿಮಾತಿನಲ್ಲಲ್ಲ, ಪಾಲಿಸಿಯ ಪುಟದಲ್ಲಿ ಸಿಗಬೇಕು.

ಶಿವಮೊಗ್ಗದಿಂದ ಭದ್ರಾವತಿಯ ದಾರಿ ಹಿಡಿದರೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ. ಅಲ್ಲಿ ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಣ್ಣುಮಗಳ ಸಂಬಳದಿಂದ ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಶೇ 0.75 ಕಡಿತವಾಗುತ್ತದೆ, ಮಾಲೀಕರು ಶೇ 3.25 ಸೇರಿಸುತ್ತಾರೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಇದ್ದರೆ ಸಾಕು, ಹೆರಿಗೆಗೆ 26 ವಾರದ ಸಂಬಳಸಹಿತ ರಜೆಯಷ್ಟು ಹಣ, ಜೊತೆಗೆ ಚಿಕಿತ್ಸೆ. ಇಎಸ್‌ಐ ಔಷಧಾಲಯಗಳ ಬಗ್ಗೆ ದೂರುಗಳಿಗೆ ಬರವಿಲ್ಲ, ಅದು ಬೇರೆ ಮಾತು. ಆದರೂ ಬಸುರಿಯ ಕಣ್ಣಿನಿಂದ ನೋಡಿದರೆ, ಆ ಸಣ್ಣ ಕಡಿತ ಕೊಡುವುದನ್ನು ವಿನೋಬನಗರದ ಮಧ್ಯಮ ವರ್ಗ ಸಾವಿರಗಟ್ಟಲೆ ಕಟ್ಟಿದರೂ ಪಡೆಯಲಾರದು. ಸಂಬಳ 21,000 ದಾಟಿದರೆ, ನಡೆಯುತ್ತಿರುವ ವಂತಿಗೆ ಅವಧಿ ಮುಗಿದ ಮೇಲೆ ಆ ಬಾಗಿಲು ಮುಚ್ಚುತ್ತದೆ ಎಂಬುದೂ ನಿಜ. ಇನ್ನು ಭದ್ರಾವತಿಯ ಕಾರ್ಖಾನೆ ಬಡಾವಣೆಗಳಾದ ನ್ಯೂಟೌನ್, ಪೇಪರ್ ಟೌನಿನ ಹಳಬರಿಗೆ ಕಾರ್ಖಾನೆಯ ಆಸ್ಪತ್ರೆಯೇ ವಿಮೆಯಾಗಿತ್ತು. ಅವರ ಮೊಮ್ಮಕ್ಕಳು ಪಾಲಿಸಿ ಹುಡುಕುತ್ತಿದ್ದಾರೆ.

ಹೋಲಿಕೆಗೆ ಇನ್ನೊಂದು ಬರಹ ‘ಯಶಸ್ವಿನಿ’. 2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ, ವರ್ಷಕ್ಕೆ 60 ರೂಪಾಯಿ ವಂತಿಗೆಯಲ್ಲಿ ಶುರುವಾದ ಯೋಜನೆ. 2018ರಲ್ಲಿ ನಿಂತು 2022ರಲ್ಲಿ ಮತ್ತೆ ಬಂತು. ಅದರ ಹಳೆಯ ಪಟ್ಟಿಯಲ್ಲಿ ಹಾವು ಕಡಿತ, ಹೋರಿ ತಿವಿತ, ಕರೆಂಟ್ ಶಾಕ್ ಜೊತೆ ಸಹಜ ಹೆರಿಗೆ, ನವಜಾತ ಶಿಶುವಿನ ಆರೈಕೆಯೂ ಇದ್ದವು. ಬರೆದವರಿಗೆ ಇದು ಯಾರ ಮನೆಗೆ ಹೋಗುವ ಕಾಗದ ಎಂದು ಗೊತ್ತಿತ್ತು. ಆರೋಗ್ಯ ಸಂಜೀವನಿಯನ್ನು ಬರೆದವರ ಕಣ್ಣಮುಂದೆ ಇದ್ದದ್ದು ರೋಗಿ ಮಾತ್ರ, ಸಂಸಾರವಲ್ಲ.

ನಮ್ಮ ಕಡೆಯ ಇನ್ನೊಂದು ರೂಢಿಯನ್ನೂ ಪಾಲಿಸಿಗಳು ಲೆಕ್ಕಕ್ಕೆ ಹಿಡಿದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಮಗಳ ಕೆಲಸ ಬೆಂಗಳೂರಿನಲ್ಲಿ, ಕಂಪನಿಯ ಗುಂಪು ವಿಮೆಯಲ್ಲಿ ಅನೇಕ ಕಡೆ ಹೆರಿಗೆಗೆ ಕಾಯುವ ಅವಧಿಯೂ ಇಲ್ಲ. ಸೀಮಂತ ಮುಗಿಸಿ ಶಿವಮೊಗ್ಗಕ್ಕೆ ಬಂದಮೇಲೆ ಇಲ್ಲಿಯ ಡಾಕ್ಟರ ಆಸ್ಪತ್ರೆ ಆ ವಿಮೆಯ ಪಟ್ಟಿಯಲ್ಲಿಲ್ಲ ಎಂದು ತಿಳಿಯುತ್ತದೆ. 2024ರ ಜನವರಿಯಿಂದ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೂ 48 ಗಂಟೆ ಮೊದಲು ತಿಳಿಸಿ ನಗದುರಹಿತ ಸೌಲಭ್ಯ ಕೇಳಬಹುದು, ಆಸ್ಪತ್ರೆ ಒಪ್ಪಬೇಕಷ್ಟೆ. ಹೆರಿಗೆಗೆಂದು ಕೆಲಸ ಬಿಟ್ಟರಂತೂ ಗುಂಪು ವಿಮೆ ಅಲ್ಲಿಗೇ ಮುಗಿಯಿತು. ರಾಜೀನಾಮೆ ಬರೆಯುವ ಮೊದಲು ವಿಮೆ ಮುಗಿಯುವ ದಿನ, ಹೆರಿಗೆಯ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ.

ಹೆರಿಗೆಯ ಹಾಗೆ ಪಾಲಿಸಿಗಳು ಹೆಚ್ಚಾಗಿ ಹೊರಗಿಡುವ ಇನ್ನೊಂದು ಖರ್ಚು ಹಲ್ಲಿನದು. ಅದರ ವಿಷಯದಲ್ಲಿ ನನ್ನ ತೀರ್ಪು ಇನ್ನೂ ಚಿಕ್ಕದು: ವಿಮೆಯನ್ನು ನಂಬಬೇಡಿ. ಅಮೆರಿಕದಲ್ಲಿರುವ ಮಕ್ಕಳು ಡೆಂಟಲ್ ಇನ್ಶೂರೆನ್ಸ್ ಎಂದು ಬೇರೆಯೇ ಕಟ್ಟುತ್ತಾರೆ, ಅದನ್ನು ಕೇಳಿ ಇಲ್ಲಿಯವರೂ ವಿಚಾರಿಸುತ್ತಾರೆ. ಇಲ್ಲಿಯ ಸಾಮಾನ್ಯ ಪಾಲಿಸಿಯಲ್ಲಿ ಹಲ್ಲಿಗೆ ಹಣ ಸಿಗುವುದು ರೋಗ ಅಥವಾ ಗಾಯದಿಂದಾಗಿ ಆಸ್ಪತ್ರೆ ಸೇರಿದರೆ. ಕುರ್ಚಿಯಲ್ಲಿ ಕೂರಿಸಿ ಮಾಡುವ ರೂಟ್ ಕೆನಾಲ್, ಸ್ವಚ್ಛತೆ, ಕ್ಯಾಪು ಎಲ್ಲ ನಿಮ್ಮ ಕೈಯಿಂದಲೇ. ಹೊರರೋಗಿ ವೆಚ್ಚದ ರೈಡರ್ ತೆಗೆದುಕೊಂಡರೂ ಮಿತಿ ಬೇಗ ಮುಗಿಯುತ್ತದೆ. ಇಲ್ಲಿಯ ಎಷ್ಟೋ ಮನೆಗಳಲ್ಲಿರುವ ಮಣಿಪಾಲದ ಆರೋಗ್ಯ ಕಾರ್ಡ್ ವಿಮೆಯಲ್ಲ, ರಿಯಾಯಿತಿ ಚೀಟಿ. ಹಾಗೆಂದೇ ತಿಳಿದು ಬಳಸಿದರೆ ಉಪಯೋಗಕ್ಕೆ ಬರುತ್ತದೆ. ಬಸಿರಿನಲ್ಲಿ ಹಾರ್ಮೋನುಗಳ ಏರಿಳಿತಕ್ಕೆ ಒಸಡು ಊದಿ ರಕ್ತ ಬರುವುದುಂಟು, ವಾಂತಿಯ ಆಮ್ಲಕ್ಕೆ ಹಲ್ಲಿನ ಮೇಲ್ಪದರ ಸವೆಯುತ್ತದೆ. ಬಸುರಿ ಹಲ್ಲಿಗೆ ಕೈ ಹಾಕಿಸಬಾರದೆಂಬ ಹೆದರಿಕೆ ತಪ್ಪು. ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಅನುಕೂಲದ ಕಾಲ. ಅದಕ್ಕೂ ಒಳ್ಳೆಯದು, ಮಗುವಿಗೆ ಮನಸ್ಸು ಮಾಡಿದಾಗಲೇ ಆಲ್ಕೊಳದ ಶರಾವತಿ ದಂತ ಕಾಲೇಜಿನಲ್ಲೋ ಪರಿಚಯದ ಡಾಕ್ಟರಲ್ಲೋ ಒಮ್ಮೆ ಬಾಯಿ ತೋರಿಸಿಬಿಡುವುದು.

ಹಾಗಾದರೆ ಆರೋಗ್ಯ ಸಂಜೀವನಿ ಬೇಡವೆ? ಬೇಕು, ಮದುವೆಯಾದ ವರ್ಷವೇ ಬೇಕು. ಡೆಂಗಿಗೆ, ಅಪೆಂಡಿಕ್ಸಿಗೆ, ಸಾಗರ ರಸ್ತೆಯ ಅಪಘಾತಕ್ಕೆ ಬೇಕು. ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿ 2024ರಿಂದ ಹೆಚ್ಚೆಂದರೆ 36 ತಿಂಗಳು. ಬೇಗ ಶುರುಮಾಡಿದವರಿಗೆ ಅದು ಬೇಗ ಕಳೆಯುತ್ತದೆ. ಹೆರಿಗೆಯ ಖರ್ಚಿಗೆ ಬೇರೆ ಉಳಿತಾಯ ಮಾಡಿ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯನ್ನೂ ಮನಸ್ಸಿನಿಂದ ತೆಗೆದುಹಾಕಬೇಡಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ನೂ, ನವಜಾತ ಶಿಶುವಿನ ಚಿಕಿತ್ಸೆಯೂ ಉಚಿತ.

ವಿಮಾ ಪ್ರಾಧಿಕಾರಕ್ಕೆ ಒಂದು ಕೋರಿಕೆ. 18ನೇ ಕಲಮು ಇರಲಿ. ಮಕ್ಕಳ ವಯಸ್ಸಿನ ಸಾಲಿನಲ್ಲಿರುವ ‘ಮೂರು ತಿಂಗಳು’ ಎಂಬುದನ್ನು ತೆಗೆದು ‘ಹುಟ್ಟಿದ ದಿನ’ ಎಂದು ಬರೆಯಿರಿ. ಎಲ್ಲ ಕಂಪನಿಗಳಿಗೂ ಒಂದೇ ಪಠ್ಯವಾದ್ದರಿಂದ ಒಂದು ಸಾಲು ತಿದ್ದಿದರೆ ಸಾಕು.